‘ದಾಖಲೆ ಇಡುವುದಿಲ್ಲ’ ಎಂಬ ಮಾತಿಗೆ ಲೆಕ್ಕ ಪರಿಶೋಧನೆ ಬೇಡವೆ?

ಈಚೆಗೆ ಕಚೇರಿಗೆ ಬರುವ ವರ್ತಕ ಮಿತ್ರರು ಜಿ.ಎಸ್.ಟಿ. ಹಾಗೂ ಆದಾಯ ತೆರಿಗೆಯ ಪ್ರಶ್ನೆಗಳ ಜೊತೆಗೆ ಮತ್ತೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ. ‘ಯಾವ ವಿ.ಪಿ.ಎನ್. ಹಾಕಿಸಿಕೊಂಡರೆ ಒಳ್ಳೆಯದು, ಸಾರ್?’ ತ್ಯಾಮಗೊಂಡ್ಲು ಪೇಟೆಯ ಸಗಟು ಕಿರಾಣಿ ವರ್ತಕರು, ದಾಬಸ್‌ಪೇಟೆ ಬಳಿಯ ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವವರು, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮಾಲೀಕರು, ಹಲವರ ಬಾಯಲ್ಲಿ ಇದೇ ಮಾತು. ಯೂಟ್ಯೂಬ್‌ನಲ್ಲಿ ಜಾಹೀರಾತು ನೋಡಿದವರು ಕೆಲವರು. ಕಾಲೇಜಿನಲ್ಲಿ ಓದುವ ಮಗ ಮೊಬೈಲಿಗೆ ಹಾಕಿಕೊಟ್ಟದ್ದನ್ನು ಅಂಗಡಿಯ ಗಣಕಯಂತ್ರಕ್ಕೂ ಹಾಕಿಸಿಕೊಂಡವರು ಕೆಲವರು. ಲೆಕ್ಕ ಪರಿಶೋಧಕನನ್ನು ಈ ಪ್ರಶ್ನೆ ಕೇಳುವುದು ಮೇಲ್ನೋಟಕ್ಕೆ ಅಸಂಗತವೆನಿಸಬಹುದು. ಆದರೆ ಯಾರ ಮಾತನ್ನು ಯಾವ ಪುರಾವೆಯ ಮೇಲೆ ನಂಬಬೇಕೆಂಬುದೇ ಈ ಪ್ರಶ್ನೆಯ ತಿರುಳಾಗಿರುವುದರಿಂದ, ಉತ್ತರಿಸುವ ಅಧಿಕಾರ ನಮ್ಮ ವೃತ್ತಿಗೂ ಸ್ವಲ್ಪಮಟ್ಟಿಗೆ ಉಂಟೆಂದು ಭಾವಿಸಿದ್ದೇನೆ.

ಮೊದಲು ವಸ್ತುವೇನೆಂಬುದನ್ನು ನೋಡೋಣ. ನಮ್ಮ ಅಂಗಡಿಯ ಮಾಲು ಲಾರಿಯಲ್ಲಿ ಹೊರಟಿತೆಂದುಕೊಳ್ಳಿ. ಮೇಲೆ ಟಾರ್ಪಾಲು ಹೊದಿಸಿದ್ದರೆ ಒಳಗಿನ ಸರಕು ದಾರಿಹೋಕರಿಗೆ ಕಾಣುವುದಿಲ್ಲ. ಆದರೆ ಲಾರಿ ಯಾರ ಅಂಗಡಿಯಿಂದ ಯಾರ ಮಳಿಗೆಗೆ ಹೋಯಿತೆಂಬುದು ಕಾಣುತ್ತದೆ. ಇಂದು ಬ್ಯಾಂಕು, ಜಿ.ಎಸ್.ಟಿ., ಆದಾಯ ತೆರಿಗೆ ಜಾಲತಾಣಗಳೆಲ್ಲ ‘ಎಚ್‌ಟಿಟಿಪಿಎಸ್’ ಎಂಬ ಟಾರ್ಪಾಲನ್ನು ತಾವೇ ಹೊದಿಸಿಕೊಂಡಿವೆ. ನಮಗೆ ಅಂತರಜಾಲ ಸಂಪರ್ಕ ಕೊಡುವ ಕಂಪೆನಿಗೆ ನಾವು ಯಾವ ತಾಣಕ್ಕೆ ಯಾವಾಗ ಹೋದೆವೆಂಬುದು ತಿಳಿಯಬಹುದೇ ಹೊರತು, ಅಲ್ಲಿ ಯಾವ ಗುಪ್ತಪದ ಒತ್ತಿದೆವು, ಎಷ್ಟು ಹಣ ಕಳುಹಿಸಿದೆವು ಎಂಬುದು ತಿಳಿಯದು. ವಿ.ಪಿ.ಎನ್. ಮಾಡುವ ಕೆಲಸವೆಂದರೆ ನಮ್ಮ ಲಾರಿಗಳನ್ನೆಲ್ಲ ಮೊದಲು ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯ ಗೋದಾಮಿಗೆ ಕರೆದೊಯ್ದು, ಅಲ್ಲಿಂದ ಆ ಕಚೇರಿಯ ಹೆಸರಿನಲ್ಲಿ ಮುಂದಕ್ಕೆ ಸಾಗಿಸುವುದು. ಸರಕು ಪಡೆದವನಿಗೆ ಕಾಣುವುದು ಆ ಕಚೇರಿಯ ವಿಳಾಸ. ಊರಿನ ರಸ್ತೆಯವರಿಗೆ ಕಾಣುವುದು ನಮ್ಮ ಲಾರಿ ಆ ಗೋದಾಮಿನವರೆಗೆ ಹೋದದ್ದು ಮಾತ್ರ. ಎಲ್ಲವನ್ನೂ ಬಲ್ಲವನು ಟ್ರಾನ್ಸ್‌ಪೋರ್ಟ್ ಕಚೇರಿಯವನು.

ಇದನ್ನು ಗಮನಿಸಿದರೆ ವಿಷಯದ ಅರ್ಧ ಮುಗಿಯಿತು. ಊರಿನ ಇಂಟರ್‌ನೆಟ್ ಕಂಪೆನಿಯ ಮೇಲಿದ್ದ ನಂಬಿಕೆಯನ್ನು ತೆಗೆದು ಬೇರೊಬ್ಬನ ಕೈಗೆ ಒಪ್ಪಿಸುತ್ತೇವೆ, ಅಷ್ಟೆ. ಆ ಬೇರೊಬ್ಬನು ಹೆಚ್ಚು ಯೋಗ್ಯನಾಗಿದ್ದರೆ ಲಾಭ, ಅಲ್ಲದಿದ್ದರೆ ನಷ್ಟ. ವಾಟ್ಸಾಪಿನಲ್ಲಿ ಬಂದ ಸುಳ್ಳು ‘ರೀಫಂಡ್’ ಕೊಂಡಿಯನ್ನು ಒತ್ತಿದವರನ್ನು ಯಾವ ವಿ.ಪಿ.ಎನ್. ಕೂಡ ಕಾಪಾಡದು. ಗೂಗಲ್ ಖಾತೆಗೆ ಹೆಸರು ಹೇಳಿ ಒಳಹೊಕ್ಕ ಮೇಲೆ ಗೂಗಲ್‌ಗೆ ನಾವು ಯಾರೆಂಬುದು ತಿಳಿದೇ ಇರುತ್ತದೆ. ಜಾಹೀರಾತುಗಳು ಈ ಮಾತನ್ನು ಹೇಳುವುದಿಲ್ಲ.

ಉಚಿತ ಸೇವೆಗಳ ವಿಚಾರದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ದೇಶದೇಶಗಳಲ್ಲಿ ಸರ್ವರ್ ಬಾಡಿಗೆ, ಸಂಪರ್ಕ ಶುಲ್ಕ, ಸಿಬ್ಬಂದಿಯ ಸಂಬಳ ಕೊಡಬೇಕಾದ ವ್ಯವಹಾರದಲ್ಲಿ ಖರ್ಚಿನ ಬದಿ ತುಂಬಿದ್ದು ಜಮೆಯ ಬದಿ ಖಾಲಿಯಿದ್ದರೆ, ಆ ಕಿರ್ದಿಯಲ್ಲಿ ಬರೆಯದ ಜಮೆಯೊಂದು ಇದ್ದೇ ಇರಬೇಕೆಂದು ಯಾವ ಗುಮಾಸ್ತನೂ ಹೇಳಬಲ್ಲ. ಫೇಸ್‌ಬುಕ್ ಕಂಪೆನಿ 2013ರಲ್ಲಿ ಓನಾವೋ ಎಂಬ ಸಂಸ್ಥೆಯನ್ನು ಕೊಂಡು, ಬಳಕೆದಾರರ ರಕ್ಷಣೆಗೆಂದು ಉಚಿತ ವಿ.ಪಿ.ಎನ್. ನೀಡಿತು. ಜನರು ಯಾವ ಯಾವ ಆಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆಂಬ ಮಾಹಿತಿ ಅದರ ಮೂಲಕ ಕಂಪೆನಿಯ ವ್ಯಾಪಾರ ತಂತ್ರಕ್ಕೆ ಒದಗುತ್ತಿತ್ತು. 2018ರಲ್ಲಿ ಅದು ಆಪಲ್ ಕಂಪೆನಿಯ ಆಪ್ ಮಳಿಗೆಯಿಂದ ಹೊರಬಿತ್ತು. 2023ರ ಜುಲೈನಲ್ಲಿ ಆಸ್ಟ್ರೇಲಿಯದ ನ್ಯಾಯಾಲಯವು ಈ ಕಾರಣಕ್ಕೆ ಅದರ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. 2020ರ ಜುಲೈನಲ್ಲಿ ಹಾಂಗ್‌ಕಾಂಗ್ ಸಂಬಂಧವುಳ್ಳ ಏಳು ಉಚಿತ ಸೇವೆಗಳ ದತ್ತಾಂಶ ಯಾವ ಬೀಗವೂ ಇಲ್ಲದೆ ಅಂತರಜಾಲದಲ್ಲಿ ತೆರೆದು ಬಿದ್ದಿರುವುದು ಪತ್ತೆಯಾಯಿತು. ಯಾವ ದಾಖಲೆಯನ್ನೂ ಇಡುವುದಿಲ್ಲವೆಂದು ಸಾರುತ್ತಿದ್ದ ಸೇವೆಗಳವು. ಒಳಗೆ ಗ್ರಾಹಕರ ಗುಪ್ತಪದಗಳು ಕೂಡ ಇದ್ದವು.

ಇವೆರಡಕ್ಕಿಂತಲೂ ನಮ್ಮವರು ಗಮನಿಸಬೇಕಾದದ್ದು ಹೋಲಾ ಎಂಬ ಸೇವೆಯ ಕಥೆ. ಉಚಿತವಾಗಿ ಬಳಸುತ್ತಿದ್ದವರ ಸಂಪರ್ಕವನ್ನೇ ಅದು ಇತರರಿಗೆ ಹಣಕ್ಕೆ ಮಾರುತ್ತಿದ್ದುದು 2015ರಲ್ಲಿ ಬೆಳಕಿಗೆ ಬಂತು. ಎಂದರೆ ಯಾರೋ ಅಪರಿಚಿತರ ಲಾರಿ ನಿಮ್ಮ ಅಂಗಡಿಯ ಬಿಲ್ಲಿನ ಮೇಲೆ ಓಡುತ್ತದೆ. ಆ ಲಾರಿಯಲ್ಲಿ ಕಳ್ಳಮಾಲು ಇದ್ದರೆ ಪೊಲೀಸರು ವಿಚಾರಿಸುತ್ತ ಬರುವುದು ಬಿಲ್ಲಿನ ಮೇಲಿರುವ ವಿಳಾಸಕ್ಕೆ. ಹೀಗೆ ತಿಳಿಯದೆ ಹೊರಬೇಕಾದ ಹೊಣೆಯನ್ನು ವರ್ಷಕ್ಕೆ ಕೆಲವು ಸಾವಿರ ರೂಪಾಯಿ ಉಳಿಸಲು ಯಾರಾದರೂ ತಲೆಯ ಮೇಲೆ ಹಾಕಿಕೊಳ್ಳುವುದುಂಟೆ?

ಇನ್ನು ಹಣ ಕೊಟ್ಟು ಪಡೆಯುವ ಸೇವೆಗಳು. ಇವುಗಳ ಜಾಹೀರಾತಿನಲ್ಲೆಲ್ಲ ದಪ್ಪಕ್ಷರದಲ್ಲಿ ಕಾಣುವ ಮಾತು ‘ನಾವು ದಾಖಲೆ ಇಡುವುದಿಲ್ಲ’ ಎಂಬುದು. ನನ್ನ ದೃಷ್ಟಿಯಲ್ಲಿ ಇದು ಪರಿಶೋಧನೆಯಾಗದ ಅಢಾವೆ ಪತ್ರಿಕೆಗೆ ಸಮಾನ. ಸತ್ಯವಿರಬಹುದು, ಇಲ್ಲದಿರಬಹುದು. 2016ರಲ್ಲಿ ಐಪಿವ್ಯಾನಿಶ್ ಎಂಬ ಅಮೆರಿಕದ ಕಂಪೆನಿ, ದಾಖಲೆಯಿಲ್ಲವೆಂದು ಸಾರುತ್ತಿದ್ದ ಕಾಲದಲ್ಲಿಯೇ, ಅಪರಾಧ ತನಿಖೆಯೊಂದರಲ್ಲಿ ಗ್ರಾಹಕನೊಬ್ಬನ ದಾಖಲೆಯನ್ನು ಅಲ್ಲಿನ ತನಿಖಾಧಿಕಾರಿಗಳಿಗೆ ಒಪ್ಪಿಸಿತ್ತು. ನ್ಯಾಯಾಲಯದ ಕಾಗದಪತ್ರಗಳ ಮೂಲಕ ಇದು 2018ರಲ್ಲಿ ಬಹಿರಂಗವಾಗುವ ವೇಳೆಗೆ ಕಂಪೆನಿಯ ಮಾಲೀಕತ್ವವೂ ಬದಲಾಗಿತ್ತು. ತನಿಖೆಗೆ ಸಹಕರಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಇಲ್ಲವೆಂದು ಹೇಳಿದ ದಾಖಲೆ ಎಲ್ಲಿಂದ ಬಂತೆಂಬುದೇ ಪ್ರಶ್ನೆ.

ಪ್ರತಿಯಾಗಿ, ಮಾತು ಪರೀಕ್ಷೆಯಲ್ಲಿ ನಿಂತ ನಿದರ್ಶನಗಳೂ ಉಂಟು. ಟರ್ಕಿಯಲ್ಲಿ ರಷ್ಯಾದ ರಾಯಭಾರಿಯ ಹತ್ಯೆಯ ತನಿಖೆ ನಡೆಸುತ್ತಿದ್ದ ಅಧಿಕಾರಿಗಳು ಎಕ್ಸ್‌ಪ್ರೆಸ್‌ವಿಪಿಎನ್ ಕಂಪೆನಿಯ ಸರ್ವರನ್ನೇ 2017ರಲ್ಲಿ ವಶಪಡಿಸಿಕೊಂಡರೂ ಅದರಲ್ಲಿ ಉಪಯುಕ್ತ ದಾಖಲೆ ದೊರೆಯಲಿಲ್ಲ. ಸ್ವೀಡನ್ನಿನ ಮುಲ್ವಾಡ್ ಕಂಪೆನಿಯ ಕಚೇರಿಗೆ 2023ರ ಏಪ್ರಿಲ್‌ನಲ್ಲಿ ಪೊಲೀಸರು ಶೋಧನಾ ವಾರಂಟಿನೊಡನೆ ಬಂದು ಬರಿಗೈಯಲ್ಲಿ ಹಿಂದಿರುಗಿದರು. ಉದ್ರಿ ಕೊಡುವಾಗ ನಾವು ಪಾರ್ಟಿಯ ಮಾತಿಗಿಂತ ಹಿಂದಿನ ವ್ಯವಹಾರದ ನಡತೆಯನ್ನು ನೋಡುವುದಿಲ್ಲವೆ? ಇಲ್ಲಿಯೂ ಅದೇ ನ್ಯಾಯ.

ದೊಡ್ಡ ಕಂಪೆನಿಗಳು ಈಗ ಹೊರಗಿನ ಪರಿಶೋಧಕರನ್ನು ಕರೆಸುತ್ತಿವೆ. ನಾರ್ಡ್‌ವಿಪಿಎನ್ 2018ರಲ್ಲಿ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಸಂಸ್ಥೆಯಿಂದ, ಮುಂದೆ ಡೆಲಾಯ್ಟ್‌ನಿಂದ ಪರಿಶೀಲನೆ ಮಾಡಿಸಿತು. ಎಕ್ಸ್‌ಪ್ರೆಸ್‌ವಿಪಿಎನ್ 2022ರಲ್ಲಿ ಕೆಪಿಎಂಜಿಯನ್ನು ನೇಮಿಸಿತು. ಸ್ವಾಗತಾರ್ಹವೇ ಸರಿ. ಆದರೆ ವೃತ್ತಿಬಾಂಧವನಾಗಿ ಒಂದು ಮಾತು ಹೇಳಲೇಬೇಕು. ಇಂತಹ ವರದಿಗಳು ಕಂಪೆನಿ ಕಾಯಿದೆಯ ಪರಿಶೋಧನೆಯಂತಹ ಶಾಸನಬದ್ಧ ವರದಿಗಳಲ್ಲ. ಕಂಪೆನಿಯೇ ವ್ಯಾಪ್ತಿಯನ್ನು ನಿಗದಿಪಡಿಸಿ, ಕಂಪೆನಿಯೇ ಶುಲ್ಕ ಕೊಟ್ಟು, ನಿರ್ದಿಷ್ಟ ದಿನ ಅಥವಾ ಅವಧಿಯಲ್ಲಿ ನಿರ್ದಿಷ್ಟ ಸರ್ವರುಗಳ ವ್ಯವಸ್ಥೆ ಹೇಗಿತ್ತೆಂಬುದಕ್ಕೆ ಪಡೆದ ಅಭಿಪ್ರಾಯಗಳು. ವರದಿಯ ಮರುದಿನ ಏನಾಯಿತೆಂಬುದಕ್ಕೆ ಅವು ಸಾಕ್ಷಿಯಾಗಲಾರವು. ನಾರ್ಡ್‌ವಿಪಿಎನ್ ಕಂಪೆನಿಯು ಫಿನ್ಲೆಂಡಿನಲ್ಲಿ ಬಾಡಿಗೆಗೆ ಪಡೆದಿದ್ದ ಒಂದು ಸರ್ವರಿಗೆ 2018ರಲ್ಲಿ ಕನ್ನ ಬಿದ್ದದ್ದು ಜನರಿಗೆ ತಿಳಿದದ್ದು 2019ರ ಅಕ್ಟೋಬರಿನಲ್ಲಿ. 2009ರ ಸತ್ಯಂ ಪ್ರಕರಣವನ್ನು ಕಂಡ ನಮ್ಮ ತಲೆಮಾರಿನವರು ಪರಿಶೋಧಕನ ಸಹಿಯೇ ಕೊನೆಯ ಮಾತೆಂದು ಹೇಳುವಷ್ಟು ಉಬ್ಬಿಲ್ಲ. ಆದ್ದರಿಂದ ವರದಿ ಇದೆಯೇ ಎಂದು ಕೇಳಿ ಸುಮ್ಮನಾಗದೆ, ಯಾವ ವರ್ಷದ್ದು, ಯಾವುದನ್ನು ನೋಡಿದ್ದಾರೆ, ಪ್ರತಿವರ್ಷವೂ ಮಾಡಿಸುತ್ತಾರೆಯೇ, ಪೂರ್ಣ ಪ್ರತಿಯನ್ನು ಓದಲು ಕೊಡುತ್ತಾರೆಯೇ ಎಂದು ಕೇಳಬೇಕು.

ಮಾಲೀಕರು ಯಾರೆಂಬುದು ಮತ್ತೊಂದು ಅಂಶ. ಬೇರೆ ಬೇರೆ ಹೆಸರಿನ ಅಂಗಡಿಗಳ ಹಿಂದೆ ಒಬ್ಬನೇ ಸಾಹುಕಾರನಿರುವುದು ನಮ್ಮ ಪೇಟೆಗಳಿಗೆ ಹೊಸದಲ್ಲ. ಸೈಬರ್‌ಘೋಸ್ಟ್, ಪ್ರೈವೇಟ್ ಇಂಟರ್‌ನೆಟ್ ಆಕ್ಸೆಸ್, ಎಕ್ಸ್‌ಪ್ರೆಸ್‌ವಿಪಿಎನ್ ಈ ಮೂರೂ ಕೇಪ್ ಟೆಕ್ನಾಲಜೀಸ್ ಎಂಬ ಒಂದೇ ಸಮೂಹಕ್ಕೆ ಸೇರಿದವು. ಕೊನೆಯದನ್ನು ಅದು 2021ರಲ್ಲಿ ಸುಮಾರು 93.6 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಅದೇ ಸಮೂಹವು ವಿ.ಪಿ.ಎನ್.ಗಳನ್ನು ವಿಮರ್ಶಿಸಿ ಅಂಕ ಕೊಡುವ ಜಾಲತಾಣಗಳ ಕಂಪೆನಿಯನ್ನೂ ಕೊಂಡಿತು. ತಕ್ಕಡಿಯೂ ಸರಕೂ ಒಬ್ಬನದೇ ಆದ ಮೇಲೆ ತೂಕದ ವಿಷಯವನ್ನು ನಾನು ವಿವರಿಸಬೇಕಿಲ್ಲ. ‘ಅತ್ಯುತ್ತಮ ಹತ್ತು’ ಎಂಬ ಪಟ್ಟಿಗಳನ್ನು ಓದುವವರು ಅವುಗಳಲ್ಲಿ ಹಲವು ಮಾರಾಟದ ಕಮಿಷನ್ನಿನಿಂದಲೇ ನಡೆಯುತ್ತವೆಂಬುದನ್ನು ನೆನಪಿನಲ್ಲಿಡಬೇಕು.

ನಮ್ಮ ದೇಶದ ಕಾನೂನಿನ ಸ್ಥಿತಿಯನ್ನೂ ಹೇಳದಿದ್ದರೆ ವಿಷಯ ಪೂರ್ಣವಾಗದು. ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 24-8-2017ರಂದು ಸಾರಿದ ತೀರ್ಪು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯ ಫಲ. ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಐದು ವರ್ಷ ಕಳೆಯುವ ಮೊದಲೇ, 28-4-2022ರಂದು, ಕೇಂದ್ರ ಸರ್ಕಾರದ ಸರ್ಟ್-ಇನ್ ಎಂಬ ಗಣಕ ಸುರಕ್ಷತಾ ಸಂಸ್ಥೆಯು ನಿರ್ದೇಶನವೊಂದನ್ನು ಹೊರಡಿಸಿತು. ಸಾರ್ವಜನಿಕರಿಗೆ ವಿ.ಪಿ.ಎನ್. ಸೇವೆ ನೀಡುವವರು ಗ್ರಾಹಕರ ಹೆಸರು, ವಿಳಾಸ, ದೂರವಾಣಿ, ಇ-ಮೇಲ್, ಕೊಟ್ಟ ಐ.ಪಿ. ವಿಳಾಸ, ಸೇವೆ ಪಡೆದ ಅವಧಿ ಮತ್ತು ಉದ್ದೇಶ, ಇವೆಲ್ಲವನ್ನೂ ಗ್ರಾಹಕ ಸೇವೆ ಬಿಟ್ಟ ಮೇಲೂ ಐದು ವರ್ಷ ಕಾದಿಡಬೇಕೆಂಬುದು ಅದರ ಒಂದು ಅಂಶ. ಯಾವ ತಾಣ ನೋಡಿದರೆಂಬುದು ಆ ಪಟ್ಟಿಯಲ್ಲಿಲ್ಲ, ನಿಜ. ಆದರೆ ಹೆಸರಿಗೆ ಐ.ಪಿ. ವಿಳಾಸವನ್ನು ಜೋಡಿಸಿದರೆ ಉಳಿದದ್ದನ್ನು ಬೇರೆಡೆಯಿಂದ ಹುಡುಕುವುದು ಕಷ್ಟವಲ್ಲ. ಪಾಲಿಸಲು ಒಪ್ಪದವರು ದೇಶ ಬಿಟ್ಟು ಹೋಗಬಹುದೆಂದು ಅಂದಿನ ರಾಜ್ಯ ಸಚಿವ, ಕರ್ನಾಟಕದಿಂದಲೇ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಅವರು ನೇರವಾಗಿಯೇ ಹೇಳಿದರು. ಹೋದರೂ ಕೂಡ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್, ಪ್ರೋಟಾನ್ ಕಂಪೆನಿಗಳು 2022ರಲ್ಲಿ ಭಾರತದೊಳಗಿನ ತಮ್ಮ ಸರ್ವರುಗಳನ್ನು ತೆಗೆದುಹಾಕಿದವು. ಎಕ್ಸ್‌ಪ್ರೆಸ್‌ವಿಪಿಎನ್ ಮುಂತಾದವು ಸಿಂಗಪುರ, ಬ್ರಿಟನ್ನುಗಳಲ್ಲಿ ಸರ್ವರ್ ಇಟ್ಟು ಭಾರತದ ಐ.ಪಿ. ವಿಳಾಸ ಕೊಡುವ ಏರ್ಪಾಡು ಮಾಡಿಕೊಂಡವು.

ಸೈಬರ್ ವಂಚನೆಗಳು ಹೆಚ್ಚುತ್ತಿರುವಾಗ ಪೊಲೀಸರಿಗೆ ಸುಳಿವು ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ವಂಚನೆಗೆ ಗುರಿಯಾಗುತ್ತಿರುವವರಲ್ಲಿ ನಮ್ಮ ಸದಸ್ಯರೂ ಇದ್ದಾರೆ. ಆದರೂ ಈ ನಿರ್ದೇಶನ ಗುರಿ ತಪ್ಪಿತೆಂಬುದೇ ನನ್ನ ಅಭಿಪ್ರಾಯ. ದಾಖಲೆ ಕಾಯ್ದಿಡುವುದು ವರ್ತಕರಿಗೆ ಅಪರಿಚಿತವಲ್ಲ. ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ ವಾರ್ಷಿಕ ವಿವರಣಾ ಪತ್ರದ ಗಡುವಿನಿಂದ 72 ತಿಂಗಳು, ಕಂಪೆನಿ ಕಾಯಿದೆಯಂತೆ ಎಂಟು ಆರ್ಥಿಕ ವರ್ಷ ನಾವು ಲೆಕ್ಕಪತ್ರಗಳನ್ನು ಇಡುತ್ತಲೇ ಇದ್ದೇವೆ. ಅವು ನಮ್ಮದೇ ವ್ಯಾಪಾರದ ಲೆಕ್ಕ, ನಮ್ಮದೇ ಕೈಯಲ್ಲಿರುತ್ತವೆ. ಯಾವ ಆಪಾದನೆಯೂ ಇಲ್ಲದ ಗ್ರಾಹಕನ ಗುರುತನ್ನು ಮೂರನೆಯವನೊಬ್ಬ ಐದು ವರ್ಷ ಕೂಡಿಟ್ಟರೆ, ಕದಿಯಬಯಸುವವನಿಗೆ ಒಂದು ದಾಸ್ತಾನು ಸಿದ್ಧವಾದಂತೆ. ಪರೀಕ್ಷೆಗೆ ಒಡ್ಡಿಕೊಂಡ ಕಂಪೆನಿಗಳ ಸರ್ವರು ದೇಶದಾಚೆ ಹೋದವು. ಹೆಸರು ವಿಳಾಸವಿಲ್ಲದ ಉಚಿತ ಆಪ್‌ಗಳು ಮೊಬೈಲುಗಳಲ್ಲಿ ಉಳಿದವು.

ಅದೇ ನಿರ್ದೇಶನದ ಬಗ್ಗೆ 2022ರ ಮೇ ತಿಂಗಳಲ್ಲಿ ಹೊರಬಿದ್ದ ವಿವರಣೆಯಲ್ಲಿ ನಮಗೆ ಅನುಕೂಲವಾದ ಒಂದು ಸಾಲಿದೆ. ಸಂಸ್ಥೆಗಳು ತಮ್ಮ ಸ್ವಂತ ಕೆಲಸಕ್ಕೆ ನಡೆಸುವ ವಿ.ಪಿ.ಎನ್.ಗಳಿಗೆ ಗ್ರಾಹಕರ ಪಟ್ಟಿಯ ಆ ನಿಯಮ ಅನ್ವಯಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ನಮ್ಮ ಸದಸ್ಯರ ಪೈಕಿ ಬಹುಪಾಲು ಮಂದಿಗೆ ಬೇಕಾಗಿರುವುದು ಈ ಬಗೆಯದು, ಜಾಹೀರಾತಿನದಲ್ಲ. ಕಾರಣವನ್ನು ಒಂದು ನಿದರ್ಶನದಿಂದ ಹೇಳುತ್ತೇನೆ.

ನೆಲಮಂಗಲ ತಾಲ್ಲೂಕಿನ ತಯಾರಕರೊಬ್ಬರು ಮನೆಯಿಂದಲೇ ಕಾರ್ಖಾನೆಯ ಟ್ಯಾಲಿ ನೋಡಲು ಬಯಸಿದರು. ಗಣಕಯಂತ್ರ ರಿಪೇರಿಯ ಹುಡುಗ ಬಂದು ರೂಟರಿನಲ್ಲಿ ಒಂದು ಬಾಗಿಲು ತೆರೆದು, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೌಲಭ್ಯವನ್ನು ನೇರವಾಗಿ ಅಂತರಜಾಲಕ್ಕೆ ಜೋಡಿಸಿ ಹೋದ. ಗುಪ್ತಪದ ಸಂಸ್ಥೆಯ ಹೆಸರು ಮತ್ತು 123. ಇಂತಹ ತೆರೆದ ಬಾಗಿಲುಗಳನ್ನು ಹುಡುಕುವ ತಂತ್ರಾಂಶಗಳು ಹಗಲಿರುಳು ಜಗತ್ತಿನಾದ್ಯಂತ ತಡಕಾಡುತ್ತಿರುತ್ತವೆ. ತ್ಯಾಮಗೊಂಡ್ಲು ಸಣ್ಣ ಊರೆಂಬುದು ಅವುಗಳಿಗೆ ಗೊತ್ತಿಲ್ಲ. ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಟ್ಯಾಲಿಯ ಕಡತಗಳೆಲ್ಲ ಬೀಗ ಬಿದ್ದು, ಹಣ ಕೇಳುವ ಚೀಟಿಯೊಂದು ಪರದೆಯ ಮೇಲಿತ್ತು. ಬ್ಯಾಕಪ್ ಇದ್ದ ಹಾರ್ಡ್ ಡಿಸ್ಕು ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಇದ್ದುದರಿಂದ ಅದಕ್ಕೂ ಬೀಗ. ಅವರು ಹಣ ಕೊಡಲಿಲ್ಲ. ಮಾರಾಟವನ್ನು ಹಿಂದಿನ ಜಿ.ಎಸ್.ಟಿ.ಆರ್.-1ರಿಂದ, ಖರೀದಿಯನ್ನು ಜಿ.ಎಸ್.ಟಿ.ಆರ್.-2ಬಿಯಿಂದ, ಬ್ಯಾಂಕು ಲೆಕ್ಕವನ್ನು ಪಾಸ್‌ಬುಕ್ಕಿನಿಂದ ನನ್ನ ಕಚೇರಿಯಲ್ಲಿ ಮತ್ತೆ ಬರೆದೆವು. ದಾಸ್ತಾನಿನ ಲೆಕ್ಕ ಹಾಗೂ ಸಣ್ಣ ಗಿರಾಕಿಗಳಿಂದ ಬರಬೇಕಾದ ಉದ್ರಿ ಬಾಕಿ ಮಾತ್ರ ಯಾವ ಸರ್ಕಾರಿ ಜಾಲತಾಣದಲ್ಲಿಯೂ ಇರಲಿಲ್ಲ. ಬಾಕಿದಾರರ ಮನೆಬಾಗಿಲಿಗೆ ಹೋಗಿ ‘ನೀವು ಎಷ್ಟು ಕೊಡಬೇಕು?’ ಎಂದು ಅವರನ್ನೇ ಕೇಳಬೇಕಾದ ಸ್ಥಿತಿ ವ್ಯಾಪಾರಿಗೆ ಬರಬಾರದು.

ಆ ಬಾಗಿಲನ್ನು ಮುಚ್ಚಿ, ಕಾರ್ಖಾನೆಯ ರೂಟರಿನಲ್ಲಿಯೇ ವಿ.ಪಿ.ಎನ್. ನಡೆಸಿ, ಅದರ ಮೂಲಕ ಮಾತ್ರ ಒಳಬರುವಂತೆ ಮಾಡಿದ್ದರೆ ಕಳ್ಳನಿಗೆ ಅಲ್ಲಿ ಟ್ಯಾಲಿಯ ಯಂತ್ರವೊಂದಿದೆ ಎಂಬುದೇ ಕಾಣುತ್ತಿರಲಿಲ್ಲ. ಸಿ.ಸಿ. ಕ್ಯಾಮರಾದ ಪೆಟ್ಟಿಗೆಗೂ ಇದೇ ಮಾತು ಅನ್ವಯಿಸುತ್ತದೆ. ವೈರ್‌ಗಾರ್ಡ್, ಓಪನ್‌ವಿಪಿಎನ್ ಎಂಬ ಎರಡು ವಿಧಾನಗಳು ಯಾರು ಬೇಕಾದರೂ ಪರಿಶೀಲಿಸಬಹುದಾದ ಮುಕ್ತ ತಂತ್ರಾಂಶಗಳು. ಇವುಗಳಿಗೆ ಚಂದಾ ಇಲ್ಲ, ಖರ್ಚು ಬರುವುದು ಯೋಗ್ಯ ರೂಟರಿಗೆ, ಸ್ಥಿರ ಐ.ಪಿ. ವಿಳಾಸಕ್ಕೆ ಮತ್ತು ಅದನ್ನು ಜೋಡಿಸಿಕೊಡುವ ಬಲ್ಲವನ ಶುಲ್ಕಕ್ಕೆ. ಹಳೆಯ ರೂಟರುಗಳಲ್ಲಿ ಕಾಣುವ ಪಿಪಿಟಿಪಿ ಎಂಬ ವಿಧಾನವನ್ನು ಯಾರಾದರೂ ಜೋಡಿಸಲು ಬಂದರೆ ಬೇಡವೆನ್ನಿ. ಅದರ ಬೀಗ ಮುರಿದು ಬಹುಕಾಲವಾಯಿತು. ಸ್ವಂತ ವಿ.ಪಿ.ಎನ್. ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವುದೂ ಸಲ್ಲದು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪೆನಿಯ ಇಂಧನ ಸಾಗಣೆ ಹಲವು ದಿನ ನಿಂತುಹೋದದ್ದು, ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿ.ಪಿ.ಎನ್. ಖಾತೆಯ ಗುಪ್ತಪದ ಸೋರಿಹೋಗಿದ್ದರಿಂದ. ಮೊಬೈಲಿಗೆ ಬರುವ ಎರಡನೆಯ ಸಂಕೇತದ ಕಾವಲು ಆ ಖಾತೆಗೆ ಇರಲಿಲ್ಲ. ಕಂಪೆನಿ ಸುಮಾರು 44 ಲಕ್ಷ ಡಾಲರ್ ತೆತ್ತಿತು. ಕೆಲಸ ಬಿಟ್ಟ ಗುಮಾಸ್ತನಿಂದ ಅಂಗಡಿಯ ಬೀಗದ ಕೈ ಹಿಂದಕ್ಕೆ ಪಡೆಯುವ ನಾವು, ಅವನ ವಿ.ಪಿ.ಎನ್. ಖಾತೆಯನ್ನು ತೆಗೆದುಹಾಕಲು ಮರೆಯುತ್ತೇವೆ.

ಹಾಗಾದರೆ ಚಂದಾ ಕೊಟ್ಟು ಪಡೆಯುವ ಸೇವೆ ಯಾರಿಗೂ ಬೇಡವೆ? ಹೋಟೆಲು, ವಿಮಾನ ನಿಲ್ದಾಣಗಳ ವೈ-ಫೈ ಬಳಸುತ್ತ ಊರೂರು ತಿರುಗುವವರಿಗೆ ಅದರಿಂದ ಉಪಯೋಗವಿದೆ. ಯಂತ್ರ ಖರೀದಿಗೆಂದು ವಿದೇಶಕ್ಕೆ ಹೋಗುವವರು ಮಾತ್ರ ಅಲ್ಲಿನ ಕಾನೂನನ್ನು ಮೊದಲೇ ವಿಚಾರಿಸಬೇಕು: ಚೀನಾದಲ್ಲಿ ಅನುಮತಿಯಿಲ್ಲದ ವಿ.ಪಿ.ಎನ್.ಗಳಿಗೆ ನಿರ್ಬಂಧವಿದೆ, ದುಬೈ ಸೇರಿದಂತೆ ಅರಬ್ ಸಂಯುಕ್ತ ಸಂಸ್ಥಾನಗಳಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ಅದನ್ನು ಬಳಸಿದರೆ ಐದು ಲಕ್ಷದಿಂದ ಇಪ್ಪತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಊರಿನ ಕಚೇರಿಯಲ್ಲಿ ಸ್ವಂತ ಬ್ರಾಡ್‌ಬ್ಯಾಂಡ್ ಮೇಲೆ ಕುಳಿತು ಬ್ಯಾಂಕು ಅಥವಾ ತೆರಿಗೆ ತಾಣ ತೆರೆಯುವಾಗ ವಿದೇಶಿ ವಿ.ಪಿ.ಎನ್. ತೊಡಕೇ ಆದೀತು. ಹೊರದೇಶದ ವಿಳಾಸ ಕಂಡರೆ ಕೆಲವು ಸರ್ಕಾರಿ ತಾಣಗಳು ತೆರೆಯುವುದಿಲ್ಲ, ಬ್ಯಾಂಕುಗಳು ಅನುಮಾನಿಸುತ್ತವೆ.

ಚಂದಾ ಕಟ್ಟುವವರಿಗೆ ತೆರಿಗೆಯ ಒಂದು ಮಾತು. ಜಿ.ಎಸ್.ಟಿ. ನೋಂದಣಿ ಇರುವವರು ವ್ಯವಹಾರಕ್ಕಾಗಿ ವಿದೇಶಿ ಕಂಪೆನಿಯ ಸೇವೆ ಕೊಂಡರೆ ಅದು ಸೇವೆಯ ಆಮದು. ಶೇಕಡಾ 18ರ ಐ.ಜಿ.ಎಸ್.ಟಿ.ಯನ್ನು ರಿವರ್ಸ್ ಚಾರ್ಜ್ ಕ್ರಮದಲ್ಲಿ ನಾವೇ ನಗದಾಗಿ ಕಟ್ಟಿ, ಅರ್ಹತೆಯಿದ್ದರೆ ಹೂಡುವಳಿ ತೆರಿಗೆ ಜಮೆ ಪಡೆಯಬೇಕು. ಮೊತ್ತ ಸಣ್ಣದೆಂದು ಇದನ್ನು ಬಿಡುವವರೇ ಹೆಚ್ಚು. ಪರಿಶೀಲನೆಯಲ್ಲಿ ಕಾರ್ಡಿನ ಸ್ಟೇಟ್‌ಮೆಂಟ್ ನೋಡಿದಾಗ ಸಿಕ್ಕಿಬೀಳುತ್ತದೆ. ಎರಡು ಮೂರು ವರ್ಷದ ಚಂದಾ ಒಟ್ಟಿಗೆ ಕಟ್ಟಿದರೆ ಅಗ್ಗವೆಂಬ ಆಮಿಷವೂ ಉಂಟು. ಅವಧಿ ಮುಗಿದ ಮೇಲೆ ನವೀಕರಣದ ದರ ಬೇರೆಯೇ ಇರುತ್ತದೆ. ಮೇಲಾಗಿ ಮಾಲೀಕರೇ ಬದಲಾಗುವ ವ್ಯಾಪಾರದಲ್ಲಿ ಮೂರು ವರ್ಷದ ಮುಂಗಡ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದು ತಿಂಗಳಿನದು ತೆಗೆದುಕೊಂಡು ನೋಡಿ, ಕಾರ್ಡಿನ ಸ್ವಯಂಚಾಲಿತ ಪಾವತಿಯನ್ನು ನಿಲ್ಲಿಸಿಟ್ಟುಕೊಳ್ಳಿ.

ನಮ್ಮ ಸಂಸ್ಥೆಯ ಆಡಳಿತ ಮಂಡಳಿಗೂ ಒಂದು ಸಲಹೆಯಿದೆ. ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ಪ್ರತ್ಯೇಕವಾಗಿ ನುರಿತವರನ್ನು ಕರೆಸುವುದು ದುಬಾರಿ. ಇಪ್ಪತ್ತು ಸದಸ್ಯರು ಕೂಡಿ ಶುಲ್ಕ ಹಂಚಿಕೊಂಡರೆ, ಅರ್ಹ ತಂತ್ರಜ್ಞರೊಬ್ಬರು ಪ್ರತಿ ಕಾರ್ಖಾನೆಗೂ ಬಂದು ರೂಟರಿನಲ್ಲಿ ಯಾವ ಬಾಗಿಲುಗಳು ತೆರೆದಿವೆ, ಯಾರ ಯಾರ ಖಾತೆಗಳಿವೆ, ಬ್ಯಾಕಪ್ ಎಲ್ಲಿದೆ ಎಂದು ನೋಡಿ ಲಿಖಿತ ವರದಿ ಕೊಡಬಹುದು. ಸೋಂಪುರದಲ್ಲಿ ಇದನ್ನು ಆರಂಭಿಸಿ, ನಂತರ ತ್ಯಾಮಗೊಂಡ್ಲು ಮತ್ತು ನೆಲಮಂಗಲ ಪೇಟೆಗಳಿಗೆ ವಿಸ್ತರಿಸಬಹುದೆಂದು ತೋರುತ್ತದೆ. ಮುಂದಿನ ಮಾಸಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.